ಐದು ದಿನದ ಪತ್ರಿಕೆ ಮತ್ತು ನಮ್ಮ ಲೈಬ್ರರಿ ಮೇಡಂ

ನಮ್ಮ ಕಾಲೇಜಿನ ಲೈಬ್ರರಿ ಮೇಡಂ ನಿವೃತ್ತರಾಗಿ ಏಳು ತಿಂಗಳಾಯಿತು. ಆ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ. ಬೀಗದ ಕೈ ಆಫೀಸಿನಲ್ಲಿದೆ, ಬೇಕಾದವರು ಕೇಳಿ ತೆಗೆಸಿಕೊಳ್ಳಬೇಕು. ಹೆಚ್ಚಿನವರಿಗೆ ಬೇಕಾಗುವುದಿಲ್ಲ. ಮೇಡಂ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರಿಗೆ ಇಷ್ಟವಾಗದು ಎಂದು ಗೊತ್ತು.

ಚಿಂತಾಮಣಿಯ ನಮ್ಮ ಕಾಲೇಜಿಗೆ ಅವರೂ ನಾನೂ ಚಿಕ್ಕಬಳ್ಳಾಪುರದಿಂದ ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದೆವು. ನಾನು ಪ್ರಾಣಿಶಾಸ್ತ್ರದ ಮೇಷ್ಟ್ರು. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ಮಾರುಕಟ್ಟೆಗೆ ಬಂದವರು ಇಳಿದು ಬಸ್ಸು ಖಾಲಿಯಾಗುವವರೆಗೂ ಅವರು ನೆಟ್ಟಗೆ ಕೂತಿರುತ್ತಿದ್ದರು. ಆಮೇಲೆ ಕಿಟಕಿಯ ಸರಳಿಗೆ ತಲೆಯಿಟ್ಟು ನಿದ್ದೆ. ಚಿಂತಾಮಣಿ ಬಸ್‌ಸ್ಟ್ಯಾಂಡಿನ ತಿರುವಿಗೆ ಯಾರೂ ಎಬ್ಬಿಸದೆ ಎದ್ದು, ಸೆರಗಿನಲ್ಲಿ ಕನ್ನಡಕ ಒರೆಸಿಕೊಂಡು, "ಸುಸ್ತು ಕಣ್ರೀ" ಅನ್ನುತ್ತಿದ್ದರು. ಬೆಳಿಗ್ಗೆ ಒಂಬತ್ತೂವರೆಗೇ ಸುಸ್ತು. ದಿನವೂ ಅದೇ ಮಾತು. ಮೊದಲೆರಡು ವರ್ಷ ಅದು ಅವರ ಅಭ್ಯಾಸ ಎಂದುಕೊಂಡಿದ್ದೆ. ಅದು ನಿಜವಾದ ಸುಸ್ತು ಎಂದು ತಿಳಿದದ್ದು ತಡವಾಗಿ.

ಅವರ ಊರು ತೊಂಡೇಬಾವಿ. ಅಪ್ಪ ರೈಲ್ವೆ ಹಳಿಯ ಕೆಲಸದಲ್ಲಿದ್ದರು. ಹೈಸ್ಕೂಲಿನಲ್ಲಿ ಪುಸ್ತಕ ಕೊಡುತ್ತಿದ್ದ ಮೇಷ್ಟ್ರೊಬ್ಬರು ಇವರ ಕೇರಿಯ ಮಕ್ಕಳಿಗೆ ಮಾತ್ರ ಪುಸ್ತಕವನ್ನು ಕೈಗೆ ಕೊಡದೆ ಮೇಜಿನ ಮೇಲಿಟ್ಟು, ಹಿಂದೆ ಸರಿದು, ತಗೋ ಅನ್ನುತ್ತಿದ್ದರಂತೆ. ಇದನ್ನು ಅವರು ನನಗೆ ಹೇಳಿದ್ದು ಒಂದೇ ಸಲ, ಅದೂ ಬೇರೆ ಏನೋ ಮಾತಿನ ನಡುವೆ. ಆದರೆ ಅವರು ಪುಸ್ತಕ ಕೊಡುವ ರೀತಿಯನ್ನು ನಾನು ಆಮೇಲೆ ಗಮನಿಸಿದೆ. ಕುರ್ಚಿಯಿಂದ ಎದ್ದು, ಎರಡೂ ಕೈಯಲ್ಲಿ ಹಿಡಿದು, ಎದುರಿನವರ ಕೈ ಸೇರುವವರೆಗೂ ಬಿಡುತ್ತಿರಲಿಲ್ಲ. ಮೊದಲ ವರ್ಷದ ಹುಡುಗಿಯರಿಗೂ ಅಷ್ಟೇ, ಪ್ರಿನ್ಸಿಪಾಲರಿಗೂ ಅಷ್ಟೇ.

ಪುಸ್ತಕ ಕೇಳುವವರು ಕಡಿಮೆಯಾದಂತೆ ಅವರ ಕೆಲಸ ಬೇರೆಯಾಯಿತು. ಮೇಷ್ಟ್ರುಗಳಿಗೆಲ್ಲ ಸಂಶೋಧನಾ ಲೇಖನ ಪ್ರಕಟಿಸಲೇಬೇಕಾದ ಕಾಲ ಬಂತು. ಬಡ್ತಿಗೆ ಬೇಕು, ಪಿಎಚ್‌ಡಿಗೆ ಬೇಕು, ಕಾಲೇಜಿನ ಮೌಲ್ಯಮಾಪನಕ್ಕೆ ಬೇಕು. ಎಲ್ಲರ ಮೇಲ್‌ಗೂ ಪತ್ರಿಕೆಗಳ ಆಹ್ವಾನ ಬರತೊಡಗಿತು. ಗೌರವಾನ್ವಿತ ವಿದ್ವಾಂಸರೇ, ನಿಮ್ಮ ಲೇಖನ ಕಳಿಸಿ, ಐದು ದಿನದಲ್ಲಿ ಪ್ರಕಟಿಸುತ್ತೇವೆ ಎಂದು. ಅಂಥ ಕಾಗದ ಹಿಡಿದು ಲೈಬ್ರರಿಗೆ ಹೋದವರನ್ನು ಮೇಡಂ ಕೂರಿಸಿಕೊಂಡು ವಿಚಾರಿಸುತ್ತಿದ್ದರು. ಸಂಪಾದಕರು ಯಾರು, ಅವರು ನಿಜವಾಗಿ ಇದ್ದಾರಾ, ಹಳೆಯ ಸಂಚಿಕೆಗಳು ಸಿಗುತ್ತವಾ, ಲೇಖನವನ್ನು ಯಾರಿಗೆ ಕಳಿಸಿ ಓದಿಸುತ್ತಾರೆ. ಅರ್ಧಕ್ಕರ್ಧ ಪತ್ರಿಕೆಗಳು ಅವರ ಮೇಜಿನ ಮೇಲೇ ಬಿದ್ದುಹೋಗುತ್ತಿದ್ದವು. ಸ್ಟಾಫ್‌ರೂಮಿನಲ್ಲಿ ಲೈಬ್ರರಿಗೆ ಚೆಕ್‌ಪೋಸ್ಟ್ ಎಂಬ ಹೆಸರು ಬಿತ್ತು. ಆ ಹೆಸರು ಅವರ ಕಿವಿಗೂ ಬಿದ್ದಿತ್ತು. "ಚೆಕ್‌ಪೋಸ್ಟಲ್ಲಾದ್ರೂ ಗಾಡಿ ನಿಲ್ಲಿಸ್ತಾರೆ ಸರ್. ಇಲ್ಲಿ ಯಾರೂ ನಿಲ್ಲಿಸಲ್ಲ," ಎಂದರು ನನಗೆ.

ನಾನೂ ನಿಲ್ಲಿಸಲಿಲ್ಲ.

ಆಗ ನನ್ನ ಪಿಎಚ್‌ಡಿ ಕೊನೆಯ ಹಂತದಲ್ಲಿತ್ತು. ರೇಷ್ಮೆಹುಳುವಿಗೆ ಬರುವ ಹಾಲುತೊಂಡೆ ರೋಗದ ಮೇಲೆ ಮೂರು ವರ್ಷ ಶಿಡ್ಲಘಟ್ಟದ ಸುತ್ತ ಹಳ್ಳಿಗಳಲ್ಲಿ ಓಡಾಡಿದ್ದೆ. ಹುಳು ಪೊರೆ ಬಿಡುವುದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ಜ್ವರದಿಂದ ಎದ್ದ ಹುಳುಗಳ ಮೇಲೆ ಸುಣ್ಣದ ಪುಡಿಯ ಜೊತೆ ಸ್ವಲ್ಪ ಬ್ಲೀಚಿಂಗ್ ಪುಡಿ ಬೆರೆಸಿ ಉದುರಿಸಿದರೆ ರೋಗ ಹರಡುವುದು ಎಷ್ಟು ಕಡಿಮೆಯಾಗುತ್ತದೆ ಎಂಬುದು ನನ್ನ ವಿಷಯ. ಪ್ರಬಂಧ ಒಪ್ಪಿಸುವ ಮೊದಲು ಒಂದಾದರೂ ಲೇಖನ ಪ್ರಕಟವಾಗಿರಬೇಕಿತ್ತು. ಉಳಿದದ್ದು ಎರಡು ತಿಂಗಳು. ನನ್ನ ಮಾರ್ಗದರ್ಶಕರು, "ಎಲ್ಲಾದ್ರೂ ಹಾಕಪ್ಪ, ಮುಗಿಸು," ಎಂದಿದ್ದರು.

ಐದು ದಿನದ ಪತ್ರಿಕೆಯೊಂದರ ಮೇಲ್ ತೋರಿಸಿದೆ. ಮೇಡಂ ಕನ್ನಡಕ ತೆಗೆದು, ಮೂಗಿನ ಬುಡ ಒತ್ತಿಕೊಂಡು, ಒಂದು ವಾರ ಕೊಡಿ ಎಂದರು. ವಾರದ ಮೇಲೆ ಕರೆದರು. ಹಳೆಯ ಕ್ಯಾಟಲಾಗ್ ಕಾರ್ಡಿನ ಹಿಂಬದಿಯಲ್ಲಿ ಪೆನ್ಸಿಲ್ಲಿನಲ್ಲಿ ಬರೆದಿಟ್ಟುಕೊಂಡಿದ್ದರು.

"ಸಂಪಾದಕ ಮಂಡಳಿಯ ಮೂರು ಜನಕ್ಕೆ ಬರೆದೆ ಸರ್. ಒಬ್ಬರು ಈ ಪತ್ರಿಕೆ ಹೆಸರೇ ಕೇಳಿಲ್ಲ ಅಂದ್ರು. ಒಬ್ಬರು ಉತ್ತರ ಕೊಡಲಿಲ್ಲ."

"ಮೂರನೆಯವರು?"

"ಅವರು ತೀರಿಕೊಂಡು ನಾಲ್ಕು ವರ್ಷ ಆಯ್ತಂತೆ. ಅವರ ಡಿಪಾರ್ಟ್‌ಮೆಂಟಿನೋರು ತಿಳಿಸಿದ್ರು."

ನನಗೆ ನಗು ಬಂತು. ಅವರಿಗೆ ಬರಲಿಲ್ಲ. ಇನ್ನೊಂದು ಕಾರ್ಡಿನಲ್ಲಿ ಮೂರು ಪತ್ರಿಕೆಗಳ ಹೆಸರು ಬರೆದು ಕೈಗೆ ಕೊಟ್ಟರು. "ಇವು ನಂಬಬಹುದು. ಓದಿಸ್ತಾರೆ, ಪ್ರಶ್ನೆ ಕೇಳ್ತಾರೆ. ಎಂಟು ತಿಂಗಳು, ಒಂದು ವರ್ಷ ಆಗಬಹುದು."

"ನಂಗೆ ಅಷ್ಟು ಟೈಮಿಲ್ಲ ಮೇಡಂ."

"ಗೊತ್ತು ಸರ್. ಟೈಮಿಲ್ಲದೇ ಇರೋರನ್ನ ನೋಡ್ಕೊಂಡೇ ಇವರು ಅಂಗಡಿ ತೆಗ್ದಿರೋದು. ಒಂದು ಕೆಲಸ ಮಾಡಿ, ಯೂನಿವರ್ಸಿಟಿಗೆ ಆರು ತಿಂಗಳು ಹೆಚ್ಚಿಗೆ ಕೇಳಿ. ಅರ್ಜಿ ನಾನು ಬರ್ದುಕೊಡ್ತೀನಿ."

ಯೋಚನೆ ಮಾಡ್ತೀನಿ ಎಂದು ಎದ್ದು ಬಂದೆ. ಮನೆಗೆ ಹೋಗುವ ಮೊದಲೇ ಕಾಲೇಜಿನ ಕಂಪ್ಯೂಟರಿನಿಂದ ಲೇಖನವನ್ನು ಆ ಐದು ದಿನದ ಪತ್ರಿಕೆಗೆ ಕಳಿಸಿದೆ. ಪತ್ರಿಕೆಯವರು ಮಾತಿಗೆ ತಪ್ಪಲಿಲ್ಲ. ಐದನೆಯ ದಿನ ಪ್ರಕಟವಾಯಿತು. ಜೊತೆಗೆ ಬಣ್ಣದ ಅಂಚಿನ ಒಂದು ಪ್ರಶಸ್ತಿಪತ್ರವೂ ಬಂತು.

ಮೇಡಂಗೆ ತಾನಾಗಿಯೇ ತಿಳಿಯುವ ಮೊದಲು ಹೇಳಿಬಿಡುವುದು ಒಳ್ಳೆಯದೆಂದು ಪ್ರಿಂಟ್ ತೆಗೆದುಕೊಂಡು ಹೋದೆ. ಅವರು ನಿಂತೇ ಪೂರ್ತಿ ಓದಿದರು. "ಇದನ್ನ ಓದಿದ ತಜ್ಞರು ಏನು ಬರೆದಿದ್ರು ಸರ್?"

"ಎಕ್ಸಲೆಂಟ್ ಅಂತ."

"ಅಷ್ಟೇನಾ?"

"ಅಷ್ಟೇ."

ಅವರು ಹಾಳೆಗಳನ್ನು ಸರಿಮಾಡಿ ಎರಡೂ ಕೈಯಲ್ಲಿ ವಾಪಸು ಕೊಟ್ಟರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು.

ನನ್ನ ಕೆಲಸಕ್ಕೆ ಎಲ್ಲಕ್ಕಿಂತ ಹೆಚ್ಚು ನೆರವಾದವರು ಶಿಡ್ಲಘಟ್ಟ ಹತ್ತಿರದ ಒಂದು ಹಳ್ಳಿಯ ರತ್ನಮ್ಮ. ಎರಡು ಎಕರೆ ಹಿಪ್ಪುನೇರಳೆ ತೋಟ, ಮನೆಯ ಹಿಂದೆ ಹುಳುಮನೆ. ಮೂರು ವರ್ಷ ನನ್ನನ್ನು ಹುಳುಮನೆಯೊಳಗೆ ಬಿಟ್ಟುಕೊಂಡು, ನಾನು ಕೇಳಿದಷ್ಟು ಸಲ ಹುಳು ಎಣಿಸಲು ಬಿಟ್ಟವರು. ಲೇಖನ ಬಂದ ಖುಷಿಗೆ ಅವರಿಗೆ ಒಂದು ಪ್ರತಿ ಕೊಟ್ಟೆ. ಇಂಗ್ಲಿಷ್ ಬಾರದೆಂದು ಪುಡಿ ಬೆರೆಸುವ ಪ್ರಮಾಣದ ಪಟ್ಟಿಯನ್ನು ಕನ್ನಡದಲ್ಲಿ ಒಂದು ಹಾಳೆಗೆ ಇಳಿಸಿಯೂ ಕೊಟ್ಟೆ. ಅವರು ಅದನ್ನು ಹುಳುಮನೆಯ ಬಾಗಿಲಿನ ಹಿಂದೆ ಅಂಟಿಸಿಕೊಂಡರು.

ಮುಂದಿನ ಬೆಳೆಯಲ್ಲಿ, ಮೂರನೇ ಜ್ವರದಿಂದ ಹುಳು ಎದ್ದ ಮೇಲೆ, ಅವರಿಂದ ಫೋನು ಬಂತು. ಹೋಗಿ ನೋಡಿದೆ. ಹುಳುಗಳು ಸೊಪ್ಪು ಮುಟ್ಟದೆ, ಮೈ ಸುಕ್ಕಾಗಿ ಸತ್ತು ಬಿದ್ದಿದ್ದವು. ಅರ್ಧದಷ್ಟನ್ನು ಆಗಲೇ ಗುಂಡಿಗೆ ಹಾಕಿದ್ದರು. ನನ್ನ ಕಣ್ಣು ಬಾಗಿಲಿನ ಹಿಂದಿನ ಹಾಳೆಯ ಮೇಲೆ ಬಿತ್ತು. ಬ್ಲೀಚಿಂಗ್ ಪುಡಿ ನೂರು ಪಾಲಿಗೆ ಎರಡೂವರೆ ಇರಬೇಕಾದ ಕಡೆ ಇಪ್ಪತ್ತೈದು ಎಂದಿತ್ತು. ಲೇಖನ ಟೈಪ್ ಮಾಡುವಾಗ ಎರಡಕ್ಕೂ ಐದಕ್ಕೂ ನಡುವಿನ ಚುಕ್ಕೆ ಬಿಟ್ಟುಹೋಗಿತ್ತು. ಹಾಗೇ ಅಚ್ಚಾಗಿತ್ತು. ಅಚ್ಚಾದದ್ದನ್ನು ನೋಡಿಕೊಂಡು ನಾನು ಕನ್ನಡಕ್ಕೆ ಇಳಿಸಿದ್ದೆ.

"ಏನಾಗಿರಬೌದು ಮೇಷ್ಟ್ರೇ?" ರತ್ನಮ್ಮ ಕೇಳಿದರು.

ನಾನು, "ಸೊಪ್ಪಿನ ಮೇಲೆ ಏನೋ ಔಷಧಿ ಬಿದ್ದಿತ್ತೇನೋ," ಎಂದೆ. ಅಷ್ಟು ಹೇಳಿ ಬಸ್ಸು ಹತ್ತಿದೆ.

ಮಾರನೆಯ ದಿನ ಪಾಠ ಮಾಡಲಾಗಲಿಲ್ಲ. ಮಧ್ಯಾಹ್ನ ಲೈಬ್ರರಿಗೆ ಹೋದೆ. ಊಟವಾದ ಮೇಲೆ ಮೇಡಂ ಹತ್ತು ನಿಮಿಷ ಮೇಜಿನ ಮೇಲೆ ತಲೆಯಿಟ್ಟು ಮಲಗುವುದು ರೂಢಿ. ಏಳುವವರೆಗೂ ಎದುರಿಗೆ ಕೂತಿದ್ದೆ. ಎದ್ದು ನನ್ನ ಮುಖ ನೋಡಿ, "ಏನಾಯ್ತು?" ಎಂದರು. ಎಲ್ಲವನ್ನೂ ಹೇಳಿದೆ, ಸುಳ್ಳು ಹೇಳಿದ್ದನ್ನೂ ಸೇರಿಸಿ.

ಅವರು ಚೀಲ ಎತ್ತಿಕೊಂಡು ಎದ್ದರು. "ಹೋಗಣ ನಡೀರಿ."

"ಎಲ್ಲಿಗೆ?"

"ಆಯಮ್ಮನ ಮನೆಗೆ. ನಿಜ ಹೇಳಿ ಬರಣ."

"ನೀವ್ಯಾಕೆ ಮೇಡಂ?"

"ನೀವೊಬ್ಬರೇ ಹೋದ್ರೆ ಮತ್ತೆ ಸೊಪ್ಪು ಅಂತೀರ," ಎಂದರು. ಅಣಕ ಇರಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದರು.

ಅರ್ಧ ದಿನ ರಜೆ ಬರೆದಿಟ್ಟು ಹೊರಟೆವು. ಬಸ್ಸಿನಿಂದ ಇಳಿದು ಒಂದೂವರೆ ಮೈಲಿ ಬಿಸಿಲಿನಲ್ಲಿ ನಡೆಯಬೇಕು. ಮೇಡಂ ಎರಡು ಕಡೆ ನಿಂತು ಉಸಿರು ತೆಗೆದುಕೊಂಡರು. ರತ್ನಮ್ಮ ಹುಳುಮನೆಯ ತಟ್ಟೆಗಳನ್ನು ತೊಳೆದು ಬಿಸಿಲಿಗಿಡುತ್ತಿದ್ದರು. ಮೇಡಂ ಕಡೆ ನೋಡಿ, "ಕೂರ್ಚೋಂಡಮ್ಮಾ," ಎಂದು ತಮ್ಮ ತೆಲುಗಿನಲ್ಲಿ ಹೇಳಿ ಚಾಪೆ ಹಾಸಿದರು.

ನಾನು ನಿಂತುಕೊಂಡೇ ಹೇಳಿದೆ. ಚುಕ್ಕೆ ಬಿಟ್ಟುಹೋದದ್ದು, ಹಾಳೆಯಲ್ಲಿ ತಪ್ಪಿದ್ದದ್ದು, ನಿನ್ನೆಯೇ ಗೊತ್ತಾದದ್ದು, ಸುಳ್ಳು ಹೇಳಿದ್ದು. ನಷ್ಟ ಕಟ್ಟಿಕೊಡುತ್ತೇನೆ ಎಂದೂ ಹೇಳಿದೆ.

"ಅದಿರ್ಲಿ," ಎಂದರು ರತ್ನಮ್ಮ. ಕೈಯಲ್ಲಿದ್ದ ಒದ್ದೆ ತಟ್ಟೆಯನ್ನು ಗೋಡೆಗೆ ಒರಗಿಸಿದರು. "ಬೆರೆಸುವಾಗ ನಂಗೂ ಜಾಸ್ತಿ ಆಯ್ತು ಅನ್ನಿಸ್ತು ಮೇಷ್ಟ್ರೇ. ವಾಸನೆ ಕಣ್ಣಿಗೆ ಹೊಡೀತಿತ್ತು. ಆದ್ರೆ ಅಚ್ಚಾಗಿದೆ ಅಂದ್ರಲ್ಲ ನೀವು. ಅಚ್ಚು ಹಾಕೋ ಮುಂಚೆ ದೊಡ್ಡೋರು ನಾಕು ಜನ ನೋಡಿರ್ತಾರೆ, ನಂಗೇನು ಗೊತ್ತು ಅಂತ ಹಾಕ್ಬಿಟ್ಟೆ."

ಮೇಡಂ ಚಾಪೆಯ ಮೇಲೆ ತಲೆ ತಗ್ಗಿಸಿ ಕೂತಿದ್ದರು.

ರತ್ನಮ್ಮ ಸೆರಗಿಗೆ ಕೈ ಒರೆಸಿಕೊಂಡು, "ಇನ್ನೊಂದು ಆಗ್ಬಿಟ್ಟಿದೆ," ಎಂದರು. "ನೀವು ಸೊಪ್ಪು ಅಂದ್ರಲ್ಲ. ಪಕ್ಕದ ತೋಟದ ನಮ್ಮ ಮೈದುನ ಟೊಮೇಟೊಗೆ ಔಷಧಿ ಹೊಡೀತಾನೆ. ನಿನ್ನೆ ಸಾಯಂಕಾಲ ಅವನ ಮನೆ ಮುಂದೆ ಹೋಗಿ ಬಾಯಿಗೆ ಬಂದಂಗೆ ಬೈದು ಬಂದೆ. ಅವನ ಹೆಂಡ್ತಿ ಅತ್ತುಬಿಟ್ಲು. ಈಗ ಯಾವ ಮುಖ ಇಟ್ಕೊಂಡು ಹೋಗ್ಲಿ ಹೇಳಿ."

ಮೇಡಂ ಮೊಣಕಾಲಿಗೆ ಕೈ ಊರಿ ಎದ್ದರು. "ಅದೂ ಇವರದ್ದೇ ಅಮ್ಮ. ಇವರೇ ಬಂದು ಹೇಳ್ತಾರೆ," ಎಂದರು.

ಮೂವರೂ ಆ ಮನೆಗೆ ಹೋದೆವು. ಮೈದುನ ಬಾಗಿಲಲ್ಲೇ ನಿಂತು ನನ್ನ ಮಾತು ಕೇಳಿಸಿಕೊಂಡ. ಒಂದೇ ಮಾತು ಹೇಳಿದ. "ಓದಿರೋರು ನೀವು." ಅಷ್ಟು ಹೇಳಿ ಒಳಗೆ ಹೋದ. ಅವನ ಹೆಂಡತಿ ಹೊರಗೆ ಬಂದು ರತ್ನಮ್ಮನ ಮುಂದೆ ನಿಂತಳು. ಇಬ್ಬರೂ ತೆಲುಗಿನಲ್ಲಿ ಮೆಲ್ಲಗೆ ಏನೋ ಮಾತಾಡಿಕೊಂಡರು. ನಾವು ಕಾಯದೆ ಬಂದೆವು.

ವಾಪಸು ಬರುವಾಗ ಬಸ್ಸಿನಲ್ಲಿ ಮೇಡಂ ಮಲಗಲಿಲ್ಲ. "ಅಚ್ಚಾಗಿರೋದನ್ನ ಜನ ಹೆಂಗೆ ನಂಬ್ತಾರೆ ನೋಡಿ ಸರ್. ನನ್ನ ಕೆಲಸ ಪುಸ್ತಕ ಕಾಯೋದಲ್ಲ, ಆ ನಂಬಿಕೆ ಕಾಯೋದು ಅಂತ ಸೇರಿದಾಗ ಅಂದ್ಕೊಂಡಿದ್ದೆ. ಕಾಯೋಕೆ ಆಗ್ತಿಲ್ಲ," ಎಂದರು.

ಪ್ರಬಂಧದಲ್ಲಿ ಲೆಕ್ಕ ಸರಿಮಾಡಿದೆ. ಪದವಿಯೂ ಬಂತು. ಆದರೆ ಪ್ರಕಟವಾದ ಲೇಖನ ತಪ್ಪಿನ ಸಮೇತ ಹಾಗೇ ಇತ್ತು. ಅದನ್ನು ತೆಗೆಯಿರಿ, ಇಲ್ಲವೇ ತಿದ್ದುಪಡಿ ಹಾಕಿ ಎಂದು ನಾನು ಎರಡು ಸಲ ಬರೆದು ಕೈಬಿಟ್ಟೆ. ಮೇಡಂ ಬಿಡಲಿಲ್ಲ. ಕಾಲೇಜಿನ ಲೈಬ್ರರಿಯ ಪರವಾಗಿ ತಿಂಗಳಿಗೊಂದು ಮೇಲ್ ಬರೆದರು. ಯಾವ ಪುಟ, ಯಾವ ಸಾಲು, ಅದರಿಂದ ಏನಾಯಿತು, ಎಲ್ಲವನ್ನೂ. ಪ್ರತಿ ಸಲ ಕಳಿಸಿದ ಮೇಲೆ ನನಗೂ ಒಂದು ಪ್ರತಿ ಹಾಕುತ್ತಿದ್ದರು. ಉತ್ತರ ಬಂದದ್ದು ಒಂದೇ ಸಲ. ಗೌರವಾನ್ವಿತ ವಿದ್ವಾಂಸರೇ, ನಮ್ಮ ಪತ್ರಿಕೆಯಲ್ಲಿ ನಿಮಗಿರುವ ಆಸಕ್ತಿಗೆ ಧನ್ಯವಾದ, ಸಂಪಾದಕ ಮಂಡಳಿಗೆ ಸೇರಿ ಎಂದು. ಮೇಡಂ ಬೇಡ ಎಂದು ಬರೆದರು. ಎರಡು ತಿಂಗಳ ನಂತರ ನೋಡಿದರೆ, ಆ ಪತ್ರಿಕೆಯ ಪುಟದಲ್ಲಿ ಅವರ ಹೆಸರು, ಕೆಳಗೆ ಕಾಲೇಜಿನ ವೆಬ್‌ಸೈಟಿನಿಂದ ತೆಗೆದ ಅವರ ಫೋಟೋ.

ನನಗೆ ತೋರಿಸಿದಾಗ ಅವರ ಮುಖದಲ್ಲಿ ಕೋಪವಿರಲಿಲ್ಲ. "ಈ ಫೋಟೋದಲ್ಲಿ ನಾನು ಎಷ್ಟು ಚೆನ್ನಾಗಿದ್ದೆ ನೋಡಿ," ಎಂದು ಕಂಪ್ಯೂಟರ್ ಆರಿಸಿದರು.

ಇದೇ ಸಮಯದಲ್ಲಿ ಮೌಲ್ಯಮಾಪನ ತಂಡ ಬರುವುದಿತ್ತು. ಅಧ್ಯಾಪಕರ ಲೇಖನಗಳ ಪಟ್ಟಿಗೆ ಲೈಬ್ರರಿಯವರ ಸಹಿ ಬೇಕಿತ್ತು. ಮೇಡಂ ಪಟ್ಟಿಯಲ್ಲಿ ತಾವು ಪರಿಶೀಲಿಸಿದ ಪತ್ರಿಕೆಗಳ ಮುಂದೆ ಮಾತ್ರ ಟಿಕ್ ಹಾಕಿ, ಮಿಕ್ಕವನ್ನು ಖಾಲಿ ಬಿಟ್ಟು, ಟಿಕ್ ಇರುವಷ್ಟಕ್ಕೆ ಎಂದು ಬರೆದು ಸಹಿ ಮಾಡಿದರು. ಖಾಲಿ ಬಿಟ್ಟದ್ದರಲ್ಲಿ ನನ್ನದೂ ಇತ್ತು. ಆಗಿನ ಪ್ರಿನ್ಸಿಪಾಲರು ಕರೆಸಿ, "ನೀವು ಲೈಬ್ರರಿ ನೋಡ್ಕೊಳಿ ಮೇಡಂ, ಕಾಲೇಜು ನಾವು ನೋಡ್ಕೋತೀವಿ," ಎಂದರಂತೆ. ಪಟ್ಟಿಯನ್ನು ಬೇರೆಯವರ ಸಹಿಯಲ್ಲಿ ಕಳಿಸಿದರು. ಅಂದಿನಿಂದ ಸ್ಟಾಫ್‌ರೂಮಿನ ಕಾಫಿಗೆ ಮೇಡಮ್ಮನ್ನು ಯಾರೂ ಕರೆಯಲಿಲ್ಲ. ನಾನು ಬಸ್ಸಿನಲ್ಲಿ ಪಕ್ಕದಲ್ಲಿ ಕೂರುತ್ತಿದ್ದೆ, ಕಾಲೇಜಿನಲ್ಲಿ ಅವರ ಪರವಾಗಿ ಒಂದು ಮಾತೂ ಆಡಲಿಲ್ಲ. ಆ ಪಟ್ಟಿಯ ಮೇಲೆಯೇ ನನ್ನ ಬಡ್ತಿಯ ಫೈಲು ಮುಂದಕ್ಕೆ ಹೋಯಿತು.

ಬೀಳ್ಕೊಡುಗೆಯ ದಿನ ಹಾಲ್ ತುಂಬಿತ್ತು. ಹೊಸದಾಗಿ ಬಂದ ಪ್ರಿನ್ಸಿಪಾಲರು ಒಳ್ಳೆಯ ಮನುಷ್ಯರು. ಮೇಡಂ ಬಗ್ಗೆ ಏನಾದರೂ ವಿಶೇಷ ಹೇಳಬೇಕೆಂದು ಫೋನಿನಲ್ಲಿ ಅವರ ಹೆಸರು ಹುಡುಕಿದ್ದಾರೆ. "ನಮ್ಮ ಮೇಡಂ ಒಂದು ಅಂತರರಾಷ್ಟ್ರೀಯ ಸಂಶೋಧನಾ ಪತ್ರಿಕೆಯ ಸಂಪಾದಕ ಮಂಡಳಿಯಲ್ಲಿದ್ದಾರೆ. ಈ ವಿಷಯ ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?" ಎಂದರು. ಚಪ್ಪಾಳೆ ಬಿತ್ತು. ವಿದ್ಯಾರ್ಥಿಗಳು ಶಿಳ್ಳೆ ಹಾಕಿದರು.

ಮೇಡಂ ಎದ್ದು ಮೈಕಿನ ಹತ್ತಿರ ಬಂದರು. ಹೆಗಲ ಮೇಲಿನ ಶಾಲು ಜಾರುತ್ತಿತ್ತು, ಸರಿಮಾಡಿಕೊಳ್ಳಲಿಲ್ಲ.

"ಪ್ರಿನ್ಸಿಪಾಲ್ ಸರ್ ಪ್ರೀತಿಯಿಂದ ಹೇಳಿದ್ರು. ಆದ್ರೆ ಅದು ಸುಳ್ಳು. ಆ ಪತ್ರಿಕೆಗೆ ನಾನು ಬರೆದಿದ್ದು ಒಂದೇ ವಿಷಯಕ್ಕೆ. ಅವರು ಹಾಕಿದ ಒಂದು ಲೇಖನದಲ್ಲಿ ತಪ್ಪಿದೆ, ಅದರಿಂದ ಒಬ್ಬ ಹೆಣ್ಣುಮಗಳ ಬೆಳೆ ಹೋಗಿದೆ, ತಿದ್ದಿ ಅಂತ. ತಿದ್ದಲಿಲ್ಲ, ನನ್ನ ಫೋಟೋ ಹಾಕ್ಕೊಂಡ್ರು. ನನ್ನ ಹೆಸರು ನೋಡಿ ನಂಬಿ ಯಾರಾದ್ರೂ ಅಲ್ಲಿಗೆ ಲೇಖನ ಕಳಿಸಿದ್ರೆ ಆ ಪಾಪ ನಂಗೆ ಬರತ್ತೆ. ದಯವಿಟ್ಟು ಯಾರೂ ಕಳಿಸ್ಬೇಡಿ." ಕೈ ಮುಗಿದರು. "ಇಷ್ಟೇ. ಎಲ್ಲರಿಗೂ ನಮಸ್ಕಾರ."

ಯಾರ ಲೇಖನ ಎಂದು ಹೇಳಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಎದ್ದು ನಿಂತು ನನ್ನದು ಎನ್ನಬೇಕು ಅನ್ನಿಸಿತು. ಕುರ್ಚಿಯ ಕೈ ಹಿಡಿದುಕೊಂಡೆ. ಅಷ್ಟರಲ್ಲಿ ಪ್ರಿನ್ಸಿಪಾಲರು ಗಲಿಬಿಲಿಗೊಂಡು ವಂದನಾರ್ಪಣೆ ಮಾಡಿಸಿ, ಊಟಕ್ಕೆ ಏಳಿ ಎಂದರು. ಜನ ಎದ್ದರು. ನಾನೂ ಅವರ ಜೊತೆ ಎದ್ದೆ.

ಸಾಯಂಕಾಲದ ಬಸ್ಸಿನಲ್ಲಿ ಹಾರ, ಶಾಲು ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಚೀಲಕ್ಕೆ ತುರುಕಿ ತೊಡೆಯ ಮೇಲಿಟ್ಟುಕೊಂಡಿದ್ದರು. "ನನ್ನ ಹೆಸರು ಹೇಳಬಹುದಿತ್ತು ಮೇಡಂ," ಎಂದೆ.

"ನಿಮ್ಮ ಹೆಸರು ಹೇಳೋದು ನನ್ನ ಕೆಲಸ ಅಲ್ಲ ಸರ್," ಎಂದು ಕಣ್ಣು ಮುಚ್ಚಿದರು. ಚಿಕ್ಕಬಳ್ಳಾಪುರದವರೆಗೂ ಕಣ್ಣು ಬಿಡಲಿಲ್ಲ.

ಸೋಮವಾರ ಬೆಳಿಗ್ಗೆ ನೇರವಾಗಿ ಆಫೀಸಿಗೆ ಹೋದೆ. ನನ್ನ ಸೇವಾ ದಾಖಲೆಯಲ್ಲಿರುವ ಪ್ರಕಟಣೆಗಳ ಪಟ್ಟಿಯಿಂದ ಒಂದು ಲೇಖನ ತೆಗೆಯಬೇಕು, ಫಾರ್ಮ್ ಕೊಡಿ ಎಂದೆ. ಕೇಸ್ ವರ್ಕರ್ ಮೇಲೆ ಕೆಳಗೆ ನೋಡಿದರು.

"ಸೇರಿಸೋಕೆ ಫಾರ್ಮ್ ಇದೆ ಸರ್. ತೆಗೆಯೋಕೆ ಇಲ್ಲ. ಇದುವರೆಗೂ ಯಾರೂ ಕೇಳಿಲ್ಲ."

"ಹಾಗಾದ್ರೆ ಬಿಳಿ ಹಾಳೇಲಿ ಬರ್ದುಕೊಡ್ತೀನಿ."

"ಬಡ್ತಿ ಫೈಲು ವಾಪಸ್ ಬರಬೌದು, ನೋಡಿ."

"ಬರ್ಲಿ."

ಅಲ್ಲೇ ಬೆಂಚಿನ ಮೇಲೆ ಕೂತು ಬರೆದೆ. ಪತ್ರಿಕೆಯ ಹೆಸರು, ತಪ್ಪು ಯಾವ ಪುಟದಲ್ಲಿದೆ, ಅದರಿಂದ ಯಾರಿಗೆ ಏನಾಯಿತು, ಆಮೇಲೆ ನಾನು ಹೇಳಿದ ಸುಳ್ಳು. ಎರಡು ಪುಟವಾಯಿತು. ಕೊಟ್ಟು ಹೊರಗೆ ಬಂದು, ಕಾರಿಡಾರಿನಲ್ಲಿ ನಿಂತು ಮೇಡಂಗೆ ಫೋನ್ ಮಾಡಿದೆ. ಮಲಗಿದ್ದರು ಅಂತ ಕಾಣುತ್ತದೆ, ಧ್ವನಿ ಭಾರವಾಗಿತ್ತು. ಎಲ್ಲವನ್ನೂ ಕೇಳಿಸಿಕೊಂಡು, "ಹೂಂ," ಎಂದರು.

"ಇನ್ನೊಂದು ಕಾಪಿ ಇಟ್ಕೊಂಡ್ರಾ?"

"ಇಲ್ಲ ಮೇಡಂ."

"ಹೋಗಿ ಜೆರಾಕ್ಸ್ ಮಾಡಿಸಿ. ಅದರ ಮೇಲೆ ಸೀಲು, ತಾರೀಖು, ಸಹಿ ಹಾಕಿಸ್ಕೊಳಿ. ಇಲ್ದಿದ್ರೆ ನಾಳೆ ಇಂಥ ಕಾಗದ ಬಂದೇ ಇಲ್ಲ ಅಂತಾರೆ."

ನಾನು ಮತ್ತೆ ಆಫೀಸಿನೊಳಕ್ಕೆ ಹೋದೆ.